ಭೂಕಂಪ ನೋಡದ ನೊಣಗಳು

ನಮ್ಮ ಅಪ್ಪನ ಎಡಗೈ ನಡುಗುತ್ತಿತ್ತು. ಅದು ಭೂಕಂಪದ ನಡುಕ ಎಂದು ಊರಲ್ಲಿ ಎಲ್ಲರೂ ಹೇಳುತ್ತಿದ್ದರು. ನಾನೂ ಹಾಗೇ ತಿಳಿದಿದ್ದೆ. ಡಾಕ್ಟರ ಹತ್ತಿರ ಹೋಗಬೇಕು ಎಂದು ಯಾರಿಗೂ ಹೊಳೆಯಲಿಲ್ಲ. ಭೂಕಂಪಕ್ಕೆ ಯಾವ ಡಾಕ್ಟರ್ ಔಷಧ ಕೊಡುತ್ತಾನೆ?

ಹಾಗೆ ತಿಳಿಯಲು ಕಾರಣ ಇತ್ತು. ನಮ್ಮ ಊರು ಗಡಿಯಾಚೆ, ಮರಾಠಿ ಸೀಮೆಯ ಉಮರ್ಗಾ ತಾಲೂಕಿನಲ್ಲಿ, ಗುಂಜೋಟಿಗೆ ಹತ್ತಿರ. ಲಾತೂರ ಕಡೆ ಆ ದೊಡ್ಡ ಭೂಕಂಪ ಆದಾಗ ಅಪ್ಪನಿಗೆ ಇನ್ನೂ ಮದುವೆ ಆಗಿರಲಿಲ್ಲ. ಕಲ್ಲುಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಎಲ್ಲ ಒಮ್ಮೆಲೇ ಮೈಮೇಲೆ ಬಿತ್ತು. ಬೆಳಕು ಹರಿದ ಮೇಲೆ ಜನ ಹುಡುಕುತ್ತ ಬಂದಾಗ ಕಲ್ಲುಗಳ ನಡುವಿನಿಂದ ಒಂದು ಎಡಗೈ ಹೊರಗೆ ಚಾಚಿತ್ತಂತೆ. ಅಷ್ಟು ಹೊತ್ತಿಗೆ ಅವರು ಅಂಥ ಕೈಗಳನ್ನು ಬಹಳ ನೋಡಿದ್ದರು. ದಾಟಿ ಮುಂದೆ ಹೋಗುವವರೇ ಇದ್ದರು. ಅಷ್ಟರಲ್ಲಿ ಆ ಕೈ ನಡುಗಿತು. ಅಗೆದು ತೆಗೆದರು. ಅಪ್ಪ ಉಳಿದ. ಅಜ್ಜ ಅಜ್ಜಿ ಉಳಿಯಲಿಲ್ಲ.

ನಾನು ದೊಡ್ಡವನಾದ ಮೇಲೆ ಅದೇ ಕೈ ಮತ್ತೆ ನಡುಗಲು ಶುರುವಾಯಿತು. ಊರಿನವರಿಗೆ ಇದು ವಿಚಿತ್ರ ಅನ್ನಿಸಲೇ ಇಲ್ಲ. ಅವತ್ತು ಒಳಗೆ ಹೊಕ್ಕದ್ದು ಇವತ್ತು ಹೊರಗೆ ಬರುತ್ತಿದೆ ಎಂದರು. ಕಟ್ಟೆಯ ಮೇಲೆ ಕೂತವರು ನನ್ನನ್ನು ಕರೆದು ಚೇಷ್ಟೆ ಮಾಡುತ್ತಿದ್ದರು.

“ತಮ್ಮಾ, ನಿಮ್ಮಪ್ಪನ ಕೈ ಜೋರ್ ನಡಗಿತಂದ್ರ ನಮಗ ಜರಾ ಮೊದಲೇ ಹೇಳಪಾ. ಹೊರಗ ಓಡ್ತೀವಿ.”

ಅಪ್ಪನೂ ನಗುತ್ತಿದ್ದ. ಆ ಕೈ ನಡುಗಿದ್ದರಿಂದಲೇ ತಾನು ಬದುಕಿದೆ ಎಂದು ಅವನ ನಂಬಿಕೆ. ಅದನ್ನು ಯಾರಾದರೂ ರೋಗ ಅಂದರೆ ಮಾತ್ರ ನಗುತ್ತಿರಲಿಲ್ಲ.

ನಗು ಪೂರ್ತಿ ನಿಂತದ್ದು ಪೂಜೆಯಿಂದ. ನಮ್ಮದು ಕೊರಳಲ್ಲಿ ಲಿಂಗ ಕಟ್ಟುವ ಮನೆತನ. ಬೆಳಿಗ್ಗೆ ಜಳಕ ಮಾಡಿ, ಲಿಂಗವನ್ನು ಬಿಚ್ಚಿ ಎಡ ಅಂಗೈಯ ಮೇಲೆ ಇಟ್ಟುಕೊಂಡು, ಬಲಗೈಯಿಂದ ನೀರು, ವಿಭೂತಿ, ಪತ್ರೆ ಏರಿಸಬೇಕು. ಪೂಜೆ ಆಗುವ ತನಕ ಅಪ್ಪ ಬಾಯಿಗೆ ಹನಿ ನೀರು ಹಾಕುವವನಲ್ಲ. ಅವ್ವನಿಗೂ ಲಿಂಗ ಇದೆ. ಆದರೆ ಮನೆಯಲ್ಲಿ ಮೊದಲು ಅಪ್ಪನ ಪೂಜೆ, ಆಮೇಲೆ ಅವ್ವನದು. ಹಾಗೇ ನಡೆದು ಬಂದಿತ್ತು.

ನಡುಗುವ ಅಂಗೈಯ ಮೇಲೆ ಲಿಂಗ ನಿಲ್ಲುವುದಿಲ್ಲ. ನೀರು ಹಾಕಿದರೆ ಇನ್ನೂ ಜಾರುತ್ತದೆ. ಒಂದು ಬೆಳಿಗ್ಗೆ ಬೆರಳ ಸಂದಿಯಿಂದ ಜಾರಿ ತೊಡೆಯ ಮೇಲೆ ಬಿತ್ತು. ನೆಲ ಮುಟ್ಟಲಿಲ್ಲ, ಅಷ್ಟೇ ಪುಣ್ಯ. ಲಿಂಗ ನೆಲಕ್ಕೆ ಬಿದ್ದರೆ ನಮ್ಮಲ್ಲಿ ಅದು ಸಣ್ಣ ಮಾತಲ್ಲ. ಅಪ್ಪ ಅದನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡು ಕಟ್ಟಿಕೊಂಡ. ಅವತ್ತು ಊಟ ಮಾಡಲಿಲ್ಲ.

ಆಮೇಲಿಂದ ಅವನು ಕೈ ಸುಮ್ಮನಾಗಲಿ ಎಂದು ಕಾಯುತ್ತ ಕೂಡುತ್ತಿದ್ದ. ಬಿಸಿಲು ಅಂಗಳದಲ್ಲಿ ಅರ್ಧ ದಾಟುತ್ತಿತ್ತು. ಕೆಲವು ದಿನ ಮಧ್ಯಾಹ್ನಕ್ಕೆ ಹೇಗೋ ಪೂಜೆ ಮುಗಿಯುತ್ತಿತ್ತು. ಕೆಲವು ದಿನ ಮುಗಿಯುತ್ತಲೇ ಇರಲಿಲ್ಲ. ಅವ್ವ ಒಲೆಯ ಮುಂದೆ ಕೂತು ಕರೆಯುತ್ತಿದ್ದಳು.

“ನಾ ಕೆಳಗಿಂದ ಕೈ ಹಿಡೀತೀನ್ರೀ.”

“ನಿನ್ನ ಕೈಮ್ಯಾಲ ನನ್ನ ಪೂಜಿ ಮಾಡ್ಲೇನು? ಸರಿ ಆಕಡಿ.”

“ಹಂಗಾದ್ರ ಕಟ್ಟಿಗಿ ಮಣಿಮ್ಯಾಲ ಇಟ್ಟು ಮಾಡ್ರಿ.”

“ಅಂಗೈ ಬಿಟ್ರ ಅದಕ್ಕ ಜಾಗಾ ಇಲ್ಲ.”

“ಊಟ?”

“ಲಿಂಗ ಕೈಯಾಗ ನಿಲ್ಲದಿದ್ರ ಈ ಬಾಯಿಗಿ ಅನ್ನ ಯಾಕ ಬೇಕು?”

ಅಂಗಿ ಅವನ ಮೈಮೇಲೆ ದೊಡ್ಡದಾಗುತ್ತ ಹೋಯಿತು. ಹೀಗೇ ನಡೆದರೆ ಅಪ್ಪ ಒಣಗಿ ಸಾಯುತ್ತಾನೆ ಎಂದು ನನಗೆ ಗೊತ್ತಾಗುತ್ತಿತ್ತು. ಏನು ಮಾಡಬೇಕು ಎಂಬುದು ಗೊತ್ತಾಗುತ್ತಿರಲಿಲ್ಲ.

ಆಗ ನಾನು ಉದಗೀರದಲ್ಲಿ ಕೆಲಸಕ್ಕಿದ್ದೆ. ಒಂದು ಕಾಲೇಜಿನ ಲ್ಯಾಬಿನಲ್ಲಿ ಶಿಪಾಯಿ, ಅಂದರೆ ಜವಾನ. ನಾನು ಓದಿದ್ದು ಕನ್ನಡ ಶಾಲೆಯಲ್ಲಿ ಎಂಟನೆಯ ತರಗತಿ ತನಕ. ಬೇಸರ ಬಂತು, ಬಿಟ್ಟೆ. ಆಮೇಲೆ ತುರೋರಿಯಲ್ಲಿ ಹೈವೇ ಬದಿಯ ಧಾಬಾದಲ್ಲಿ ಲಾರಿಯವರಿಗೆ ಝುಣಕ, ಭಾಕರಿ ಮಾಡುತ್ತಿದ್ದೆ. ಉದಗೀರದಲ್ಲಿ ಶಿಪಾಯಿ ಬೇಕಂತೆ ಎಂದು ಯಾರೋ ಹೇಳಿದರು, ಹೋದೆ. ಲ್ಯಾಬಿನ ಮೇಡಂ ಕಲಬುರಗಿ ಕಡೆಯವರು, ಉದಗೀರಕ್ಕೆ ಮದುವೆಯಾಗಿ ಬಂದವರು. ನಾನು ಮರಾಠಿಯಲ್ಲಿ ನಮಸ್ಕಾರ ಮಾಡಿದರೆ ಅವರು ಕನ್ನಡದಲ್ಲಿ ಕೇಳಿದರು.

“ಅಡಗಿ ಬರ್ತದೇನು?”

“ಬರ್ತದ್ರೀ. ಯಾರಿಗಿ ಮಾಡಬೇಕ್ರೀ?”

“ನೊಣಕ್ಕ.”

ನಗಬೇಕೋ ಬಿಡಬೇಕೋ ತಿಳಿಯಲಿಲ್ಲ. ಅವರು ನಗಲಿಲ್ಲ, ನಾನೂ ನಗಲಿಲ್ಲ.

ಕೊಳೆತ ಬಾಳೆಹಣ್ಣಿನ ಮೇಲೆ ಸಣ್ಣ ನೊಣ ಹಾರುತ್ತವಲ್ಲ, ಮರಾಠಿಯವರು ಚಿಲಟ ಅನ್ನುತ್ತಾರೆ, ಆ ಜಾತಿಯವು. ಕೆಂಪು ಕಣ್ಣು. ಮೆಕ್ಕೆಜೋಳದ ಹಿಟ್ಟು, ಬೆಲ್ಲ, ಯೀಸ್ಟ್, ಗಟ್ಟಿಯಾಗಲು ಅಗರ್ ಎಂಬ ಪುಡಿ ಹಾಕಿ ಅಂಬಲಿ ಕುದಿಸಬೇಕು. ಬಿಸಿ ಇರುವಾಗಲೇ ಗಾಜಿನ ಕೊಳವೆಗಳ ತಳಕ್ಕೆ ಸುರಿಯಬೇಕು. ಆರಿದ ಮೇಲೆ ನೊಣ ಬಿಟ್ಟು ಬಾಯಿಗೆ ಹತ್ತಿ ಇಡಬೇಕು. ನೊಣ ಅದರಲ್ಲೇ ತಿನ್ನುತ್ತವೆ, ಅದರಲ್ಲೇ ಮೊಟ್ಟೆ ಇಡುತ್ತವೆ, ಅದರಲ್ಲೇ ಸಾಯುತ್ತವೆ. ಧಾಬಾದ ಗಿರಾಕಿಗಳಿಗಿಂತ ಒಳ್ಳೆಯವು. ಉಪ್ಪು ಕಡಿಮೆ ಎಂದು ಕೂಗುವುದಿಲ್ಲ.

ಲ್ಯಾಬಿನಲ್ಲಿ ಎರಡು ತರದ ನೊಣ ಇದ್ದವು. ಒಂದು ಸಾದಾ. ಇನ್ನೊಂದು ರೋಗದವು. ಮುಪ್ಪಿನಲ್ಲಿ ಮನುಷ್ಯರ ಮೆದುಳು ಕೆಡುವ ರೋಗಗಳಿವೆ. ಅಂಥ ಒಂದು ರೋಗದಲ್ಲಿ ಮೆದುಳಿನ ಒಂದು ಪ್ರೊಟೀನ್ ಗಂಟುಗಟ್ಟುತ್ತದಂತೆ. ಆ ಮನುಷ್ಯರ ಪ್ರೊಟೀನನ್ನೇ ತಮ್ಮ ತಲೆಯಲ್ಲಿ ತಯಾರಿಸುವ ಹಾಗೆ ದೊಡ್ಡ ಲ್ಯಾಬಿನವರು ಈ ನೊಣಗಳನ್ನು ಮಾಡಿದ್ದರು. ಅವುಗಳ ಸಂತಾನ ನಮ್ಮ ಲ್ಯಾಬಿಗೆ ಬಂದಿತ್ತು. ಹೇಗೆ ಮಾಡಿದರು ಎಂದು ಮೇಡಂ ಹೇಳಿದ್ದರು. ನನಗೆ ಪೂರ್ತಿ ತಿಳಿಯಲಿಲ್ಲ, ನಾನು ಮತ್ತೆ ಕೇಳಲೂ ಇಲ್ಲ.

ತಿಳಿದದ್ದು ಕಣ್ಣಿಗೆ ಕಂಡದ್ದು. ಕೊಳವೆಯನ್ನು ಮೇಜಿಗೆ ಕುಟ್ಟಿದರೆ ಎಲ್ಲ ನೊಣ ತಳಕ್ಕೆ ಬೀಳುತ್ತವೆ. ಸಾದಾ ನೊಣ ಕೂಡಲೇ ಗಾಜು ಹಿಡಿದು ಮೇಲೆ ಏರುತ್ತವೆ. ರೋಗದವೂ ಚಿಕ್ಕ ವಯಸ್ಸಿನಲ್ಲಿ ಏರುತ್ತವೆ. ದಿನ ಕಳೆದ ಹಾಗೆ ತಳದಲ್ಲೇ ನಿಲ್ಲುತ್ತವೆ. ಏರಲು ಮನಸ್ಸಿಲ್ಲ ಎಂದಲ್ಲ. ಮುಂಗಾಲು ಗಾಜಿಗೆ ಇಟ್ಟು, ಜಾರಿ, ಮತ್ತೆ ಇಡುತ್ತವೆ.

ಆಮೇಲೆ ಅವುಗಳ ತಲೆ ಕತ್ತರಿಸಿ, ಸಣ್ಣ ಪ್ಲಾಸ್ಟಿಕ್ ಕೊಳವೆಯಲ್ಲಿ ಬರ್ಫದ, ಅಂದರೆ ಐಸಿನ ಮೇಲೆ ಇಟ್ಟು ಅರೆಯುತ್ತಾರೆ. ಬರ್ಫ ತರುವುದು ನಾನು. ಅರೆದ ನೀರನ್ನು ಜೆಲ್ ಎಂಬ ತೆಳುವಾದ ಗಿಣ್ಣದಂಥ ಹಾಳೆಯ ಮೇಲ್ತುದಿಗೆ ತುಂಬಿ ಕರೆಂಟ್ ಕೊಡುತ್ತಾರೆ. ಸಣ್ಣ ಪ್ರೊಟೀನ್ ಕೆಳಗೆ ಓಡುತ್ತದೆ, ದೊಡ್ಡದು ಮೇಲೆ ಉಳಿಯುತ್ತದೆ. ಅದನ್ನು ಹಾಗೇ ಒಂದು ಬಿಳಿ ಕಾಗದಕ್ಕೆ ಇಳಿಸಿ, ಕಾಗದವನ್ನು ಹಾಲಿನ ಪುಡಿ ಕದಡಿದ ನೀರಿನಲ್ಲಿ ನೆನೆಸುತ್ತಾರೆ. ಹಾಲಿನ ಪ್ರೊಟೀನ್ ಕಾಗದದ ಖಾಲಿ ಜಾಗಗಳನ್ನೆಲ್ಲ ಹಿಡಿದುಕೊಳ್ಳುತ್ತದೆ. ಆಮೇಲೆ ಹಾಕುವ ಔಷಧಕ್ಕೆ ಅಲ್ಲಿ ಅಂಟಲು ಜಾಗ ಇರುವುದಿಲ್ಲ, ಅದು ಬೇಕಾದ ಪ್ರೊಟೀನಿಗೆ ಮಾತ್ರ ಅಂಟುತ್ತದೆ. ಕೊನೆಗೆ ಫೋಟೋದಲ್ಲಿ ಕಪ್ಪು ಪಟ್ಟಿ ಕಾಣುತ್ತವೆ. ರೋಗದ ನೊಣದ ಸಾಲಿನಲ್ಲಿ ಮೇಲೆ, ಅರೆದ ನೀರು ತುಂಬಿದ ಜಾಗದ ಹತ್ತಿರವೇ, ಕಪ್ಪು ಕಲೆ ನಿಂತಿರುತ್ತದೆ. ಅದೇ ಗಂಟು. ಹಾಲಿನ ಪುಡಿ ಕದಡುವುದೂ ನನ್ನ ಕೆಲಸ.

ಇದನ್ನೆಲ್ಲ ನಾನು ಬಹಳ ದಿನ ಮಾಡಿದೆ. ಅಪ್ಪನ ಕೈಗೂ ಇದಕ್ಕೂ ಸಂಬಂಧ ಹಚ್ಚಲಿಲ್ಲ. ಅಪ್ಪನದು ಭೂಕಂಪ, ಇವುಗಳದು ರೋಗ.

ಒಂದು ಸಲ ರಜೆಗೆ ಹೋದಾಗ ಅಪ್ಪನನ್ನು ಉಮರ್ಗಾ ಬಾಜಾರಕ್ಕೆ ಕರೆದುಕೊಂಡು ಹೋಗಿದ್ದೆ. ತಿರುಗಿ ಬರುವಾಗ ಬಸ್ಸಿನ ಬಾಗಿಲಲ್ಲಿ ಅಪ್ಪ ನಿಂತುಬಿಟ್ಟ. ಕೈ ಸರಳು ಹಿಡಿದಿದೆ, ಕಾಲು ಏಳುತ್ತಿಲ್ಲ. ಎತ್ತುತ್ತಾನೆ, ಮೆಟ್ಟಿಲಿನ ಅಂಚಿಗೆ ತಾಗಿಸುತ್ತಾನೆ, ಕೆಳಗೆ ಬರುತ್ತದೆ. ಹಿಂದಿನವರು ನೂಕುತ್ತಿದ್ದರು.

“ಬಾಬಾ, ಪಾಯ್ ಉಚಲಾ ಕೀ!” ಎಂದು ಕಂಡಕ್ಟರ್ ಕೂಗಿದ. ಕಾಲು ಎತ್ತು ಅಂತ.

ನಾನು ಹಿಂದಿನಿಂದ ಎತ್ತಿ ಹತ್ತಿಸಿದೆ. ಅಪ್ಪನ ತೂಕ ಇಷ್ಟೇನಾ ಎನ್ನಿಸಿತು. ಸೀಟಿನಲ್ಲಿ ಕೂತ ಮೇಲೆ ನನಗೆ ಗಾಜಿನ ಕೊಳವೆ ಕಂಡಿತು. ಮುಂಗಾಲು ಇಟ್ಟು ಜಾರುವ ನೊಣ.

ಉದಗೀರಕ್ಕೆ ಬಂದವನೇ ಮೇಡಂಗೆ ಹೇಳಿದೆ. ಕೈ ನಡುಗುವುದು, ಕಾಲು ಏಳದಿರುವುದು, ದನಿ ಸಣ್ಣಗಾಗಿರುವುದು, ಮುಖದಲ್ಲಿ ನಗು ಅಳು ಎರಡೂ ಕಾಣದಿರುವುದು. ಅವರು ಕೈಯಲ್ಲಿದ್ದ ಕೊಳವೆ ಕೆಳಗಿಟ್ಟು ಕೇಳಿಸಿಕೊಂಡರು.

“ಭೂಕಂಪದ್ದು ಅಂತಾರ್ರೀ ಎಲ್ಲಾರು,” ಅಂದೆ.

“ಯಾರ್ ಅಂತಾರ? ಡಾಕ್ಟರ್ ಅಂದಾರೇನು?”

“ಡಾಕ್ಟರಿಗಿ ತೋರಿಸಿಲ್ರೀ.”

“ನೀ ದಿನಾ ಇಲ್ಲಿ ಏನ್ ಕುಟ್ಲಕತ್ತಿಯೋ ಮಾರಾಯಾ?” ಎಂದು ಮೇಡಂ ಗದರಿದರು. “ನಾ ನೊಣದ ಡಾಕ್ಟರ್. ಮನಷ್ಯಾರಿಗಿ ನರದ ಡಾಕ್ಟರ್ ಬ್ಯಾರೆ ಇರ್ತಾರ. ಕರ್ಕೊಂಡ್ ಬಾ.”

ಅಪ್ಪ ಬರುವುದಿಲ್ಲ ಎಂದ. ಡಾಕ್ಟರ ಹೆಸರು ತೆಗೆದರೆ ಎದ್ದು ಹೊರಗೆ ಹೋದ. ನಾನು ಬೇರೆ ದಾರಿ ಹಿಡಿದೆ. ನನ್ನ ಕೆಲಸದ ಜಾಗ ನೋಡಲು ಬಾ ಎಂದೆ. ಮಗ ನೊಣ ಸಾಕುತ್ತಾನೆ ಎಂದು ಕಟ್ಟೆಯ ಮೇಲೆ ಜನ ಆಡಿಕೊಳ್ಳುತ್ತಿದ್ದರು. ಅದನ್ನು ಕಣ್ಣಾರೆ ನೋಡಬೇಕು ಎಂದು ಅವನಿಗೂ ಇತ್ತು. ಅವತ್ತಿನ ಪೂಜೆ ಹೇಗೋ ಬೇಗ ಮುಗಿಯಿತು. ಉಮರ್ಗಾದಿಂದ ನಿಲಂಗಾ, ನಿಲಂಗಾದಲ್ಲಿ ಬಸ್ಸು ಬದಲಿಸಿ ಉದಗೀರ. ಎರಡೂ ಕಡೆ ನಾನೇ ಎತ್ತಿ ಹತ್ತಿಸಿದೆ.

ಲ್ಯಾಬಿನಲ್ಲಿ ಕೊಳವೆಗಳ ಸಾಲು ನೋಡಿ ಅಪ್ಪ ಬಾಗಿಲಲ್ಲೇ ನಿಂತ.

“ಇಷ್ಟೆಲ್ಲಾ ಓದಿ ನೊಣಾ ಸಾಕ್ತಾರೇನು?”

“ಪಗಾರ ಕೊಡ್ತಾರಪ್ಪಾ.”

“ಎಮ್ಮಿ ಸಾಕಿದ್ರ ಹಾಲರ ಬರ್ತಿತ್ತು.”

ಮೇಡಂ ನಕ್ಕರು. “ಬರ್ರಿ ಕಾಕಾ, ಕುಂದರ್ರಿ. ಎಮ್ಮಿಕಿಂತ ಇವುಕ್ಕೇ ಖರ್ಚ ಬಾಳ ನಮಗ.”

ಅವರು ಎರಡು ಕೊಳವೆ ತೆಗೆದುಕೊಂಡು ಅಪ್ಪನ ಎದುರು ಮೇಜಿಗೆ ಕುಟ್ಟಿದರು. ಒಂದರಲ್ಲಿ ನೊಣ ಸರಸರ ಏರಿದವು. ಇನ್ನೊಂದರಲ್ಲಿ ಎರಡೋ ಮೂರೋ ಅರ್ಧಕ್ಕೆ ಬಂದು ನಿಂತವು, ಉಳಿದವು ತಳದಲ್ಲಿ ಕಾಲು ಆಡಿಸಿದವು. ಅಪ್ಪ ಬಗ್ಗಿ ನೋಡಿದ.

“ಇವ್ಯಾಕ ಏರವಲ್ಲವು?”

“ರೋಗ ಅದ ಕಾಕಾ. ಮನಷ್ಯಾರಿಗಿ ಬರೂ ರೋಗ. ಕೈ ನಡಗ್ತದ, ಕಾಲ ಏಳಂಗಿಲ್ಲ. ಅದನ್ನ ಓದ್ಲಿಕ್ಕಂತ ಇವನ್ನ ಸಾಕೀವಿ.”

ಅಪ್ಪ ಬಲಗೈಯಿಂದ ಆ ಕೊಳವೆಯನ್ನು ಎತ್ತಿ ಬೆಳಕಿಗೆ ಹಿಡಿದ. ಅವನ ಎಡಗೈ ತೊಡೆಯ ಮೇಲೆ ತನ್ನ ಪಾಡಿಗೆ ನಡುಗುತ್ತಿತ್ತು. ಮೇಡಂ ಅದನ್ನು ನೋಡಿದರು.

“ಇವು ಎಲ್ಲಿ ಹುಟ್ಟ್ಯಾವ ತಾಯಿ?”

“ಇಲ್ಲೇ. ಈ ಬಾಟ್ಲಿದಾಗ.”

“ಯಾವಾಗ?”

“ಹ್ವಾದ ತಿಂಗಳ.”

“ಅಂದ್ರ ಭೂಕಂಪ ನೋಡಿಲ್ಲ.”

“ಇಲ್ಲ ಕಾಕಾ.”

“ಇವುರ ಅಪ್ಪ ಅವ್ವ?”

“ಅವೂ ನೋಡಿಲ್ಲ.”

“ಮ್ಯಾಲ ಕಲ್ಲ ಬಿದ್ದಿಲ್ಲ ಇವುಕ್ಕ.”

“ಹತ್ತಿ ಬಿಟ್ರ ಮ್ಯಾಲ ಏನೂ ಇಲ್ಲ ಕಾಕಾ.”

ಇದನ್ನು ನಾನು ಹೇಳಬೇಕೆಂದು ಬಸ್ಸಿನಲ್ಲಿ ಯೋಚಿಸಿಕೊಂಡು ಬಂದಿದ್ದೆ. ಹೇಳುವ ಕೆಲಸವೇ ಬೀಳಲಿಲ್ಲ.

ಮೇಡಂ ಗೋಡೆಗೆ ಅಂಟಿಸಿದ್ದ ಫೋಟೋ ತೋರಿಸಿದರು. ಸಾದಾ ನೊಣದ ತಲೆ ಅರೆದದ್ದು ಈ ಸಾಲು, ರೋಗದ್ದು ಈ ಸಾಲು. ಮೇಲೆ ನಿಂತ ಕಪ್ಪು ಕಲೆಯ ಮೇಲೆ ಬೆರಳಿಟ್ಟರು.

“ಈ ಪ್ರೊಟೀನ್ ಗಂಟ ಕಟ್ಟ್ಯದ ಕಾಕಾ, ಕೆಳಗ ಇಳಿಯಂಗಿಲ್ಲ.”

“ಜರಡ್ಯಾಗ ಉಳದಂಗ.”

“ಬರೋಬರ್.”

“ಇವುಕ್ಕ ಔಷಧಾ ಕೊಟ್ಟೀರೇನು?”

“ಮನಷ್ಯಾರು ತಿನ್ನೂ ಗುಳಿಗಿನೇ ಪುಡಿ ಮಾಡಿ ನಿಮ್ಮ ಮಗನ ಅಂಬಲ್ಯಾಗ ಹಾಕ್ತೀವಿ.”

“ಗಂಟ ಕರಗ್ತದೇನು?”

“ಇಲ್ಲ. ಸುಳ್ಳ ಯಾಕ ಹೇಳ್ಲಿ? ನಮ್ಮ ಫೋಟೋದಾಗ ಕಲಿ ಹಂಗೇ ಅದ. ಆದ್ರ ನೊಣಾ ಜರಾ ಏರ್ತಾವ. ಔಷಧಾ ಇರೂತನಕ. ಮನಷ್ಯಾರಿಗಿ ಹ್ಯಾಂಗಂತ ಡಾಕ್ಟರೇ ಹೇಳ್ಬೇಕು.”

ಅಪ್ಪ ಕೊಳವೆಯನ್ನು ಇನ್ನೊಮ್ಮೆ ನೋಡಿದ. ಆಮೇಲೆ ನನ್ನ ಕಡೆಗೆ ತಿರುಗಿದ.

“ಪೂಜಿ ಮುಗಿಯೂತನಕ ಕೈ ನಿಂತರ ಸಾಕು ನನಗ. ಎಲ್ಲಿ ಕುಂದರ್ತಾನ ನಿಮ್ಮ ಡಾಕ್ಟರ್?”

ನರದ ಡಾಕ್ಟರ್ ಲಾತೂರಿನಿಂದ ಉದಗೀರಕ್ಕೆ ಬಂದು ಹೋಗುವವರು. ಅಪ್ಪನ ಬೆರಳು ಕುಟ್ಟಿಸಿದರು, ನಡೆಸಿದರು, ತೋಳು ಹಿಡಿದು ಮಡಚಿ ಬಿಚ್ಚಿದರು. ಕಂಪವಾತ ಎಂದರು. ಭೂಕಂಪದ ಕತೆಯನ್ನು ನಾನು ಹೇಳಿದೆ. “ತ್ಯಾಚಾ ಕಾಹೀ ಸಂಬಂಧ ನಾಹೀ,” ಎಂದರು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಗುಳಿಗೆ ಬರೆದುಕೊಟ್ಟು ದೊಡ್ಡ ದನಿಯಲ್ಲಿ ಹೇಳಿದರು: “ಸಕಾಳೀ ಉಠಲ್ಯಾವರ, ರಿಕಾಮ್ಯಾ ಪೋಟೀ.” ಬೆಳಿಗ್ಗೆ ಎದ್ದ ಕೂಡಲೇ, ಖಾಲಿ ಹೊಟ್ಟೆಯಲ್ಲಿ. ಅಪ್ಪ ಗೋಣು ಹಾಕಿದ. ಕೆಲಸ ಆಯಿತು ಎಂದುಕೊಂಡೆ.

ಆಗಿರಲಿಲ್ಲ. ಮರುದಿನ ಊರಲ್ಲಿ ಬೆಳಿಗ್ಗೆ ನೀರಿನ ತಂಬಿಗೆ, ಗುಳಿಗೆ ಹಿಡಿದು ಅಪ್ಪನ ಮುಂದೆ ನಿಂತೆ.

“ಪೂಜಿ ಆಗ್ಲಿ.”

“ಪೂಜಿಗಿಂತ ಮೊದಲೇ ತಗೋಬೇಕಪ್ಪಾ. ಅದನ್ನ ತಗೊಂಡ್ರೇ ಕೈ ನಿಲ್ತದ, ಕೈ ನಿಂತ್ರೇ ಪೂಜಿ.”

“ಪೂಜಿ ಆಗದ ಬಾಯಾಗ ಏನೂ ಹಾಕಂಗಿಲ್ಲ.”

“ಡಾಕ್ಟರ್ ಹೇಳ್ಯಾರ.”

“ಡಾಕ್ಟರ್ ಲಿಂಗ ಕಟ್ಟ್ಯಾನೇನು?”

ಕೈ ನಿಲ್ಲಬೇಕಾದರೆ ಗುಳಿಗೆ ಬೇಕು. ಗುಳಿಗೆ ನುಂಗಬೇಕಾದರೆ ಪೂಜೆ ಆಗಬೇಕು. ಪೂಜೆ ಆಗಬೇಕಾದರೆ ಕೈ ನಿಲ್ಲಬೇಕು. ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ನಾನು ಕೂಗಾಡಿದೆ. ಅಪ್ಪ ಕೂಗಲಿಲ್ಲ, ಜಳಕಕ್ಕೆ ಹೋದ. ಮಧ್ಯಾಹ್ನ ಪೂಜೆ ಮುಗಿದ ಮೇಲೆ ಅವ್ವ ಗುಳಿಗೆ ಕೊಟ್ಟಳು. ಬಡಕಲಾಗಿದ್ದಾನೆ ಎಂದು ಜೊತೆಗೆ ದೊಡ್ಡ ಲೋಟ ಎಮ್ಮೆ ಹಾಲು. ಇಷ್ಟಾದರೂ ಆಯಿತಲ್ಲ ಎಂದು ನಾನು ಉದಗೀರಕ್ಕೆ ಹೋದೆ.

ದಿನಗಳು ಹೋದವು. ಫೋನ್ ಮಾಡಿದಾಗೆಲ್ಲ ಅವ್ವ ಏನೂ ಫರಕ ಇಲ್ಲ ಅನ್ನುತ್ತಿದ್ದಳು. ಒಂದು ದಿನ ಅಪ್ಪನೇ ಫೋನ್ ತೆಗೆದುಕೊಂಡ.

“ನಿಮ್ಮ ನೊಣಾ ಸುಳ್ಳ ಹೇಳ್ಯಾವ ತಮ್ಮಾ. ಇದು ಭೂಕಂಪದ್ದೇ.”

ಮತ್ತೆ ಎರಡು ದಿನ ಪೂಜೆಯೂ ಆಗಿಲ್ಲ, ಊಟವೂ ಆಗಿಲ್ಲ ಎಂದು ಹಿಂದಿನಿಂದ ಅವ್ವ ಕೂಗಿದ್ದು ಕೇಳಿಸಿತು.

ನಾನು ಆಗ ಹಾಲಿನ ಪುಡಿ ಕದಡುತ್ತಿದ್ದೆ. ಫೋನ್ ಇಟ್ಟು ಮತ್ತೆ ಕದಡತೊಡಗಿದೆ. ಸಿಟ್ಟಿಗೆ ನೀರು ಮೇಜಿನ ಮೇಲೆಲ್ಲ ಚೆಲ್ಲಿತು. ಮೇಡಂ ಏನಾಯಿತು ಎಂದು ಕೇಳಿದರು. ಹೇಳಿದೆ.

“ಗುಳಿಗಿ ಯಾತರ ಸಂಗಾಟ ತಗೋತಾರ?”

“ಹಾಲ್ ಕೊಡ್ತಾಳ್ರೀ ಅವ್ವ. ಶಕ್ತಿ ಬರ್ಲಿ ಅಂತ.”

ಮೇಡಂ ನನ್ನ ಕೈಯಲ್ಲಿದ್ದ ಪಾತ್ರೆ ನೋಡಿದರು. “ಆ ಕಾಗದ ಇದರಾಗ ಯಾಕ ನೆನಸ್ತಿ ನೀ?”

“ಖಾಲಿ ಜಾಗಾ ಎಲ್ಲಾ ಹಾಲೇ ಹಿಡ್ಕೊಳ್ಳಲಿ ಅಂತ್ರೀ. ಔಷಧಾ ಅಲ್ಲಿ ಅಂಟಬಾರದು...”

ಹೇಳುತ್ತ ಹೇಳುತ್ತ ನಿಂತೆ.

“ಹೊಟ್ಟ್ಯಾಗ ನಡೆಯೂದು ಬ್ಯಾರೆ,” ಎಂದರು ಮೇಡಂ. “ಆದ್ರ ಆ ಗುಳಿಗಿಗೂ ಪ್ರೊಟೀನಿಗೂ ಒಳಗ ಹೋಗೂ ಬಾಗಿಲು ಒಂದೇ. ಹಾಲು ಮುಂದ ನಿಂತ್ರ ಗುಳಿಗಿ ಹೊರಗ ಉಳೀತದ. ಖಾಲಿ ಹೊಟ್ಟಿ ಅಂತ ಸುಮ್ಮ ಅಂದಿಲ್ಲ ಅವರು. ಡಾಕ್ಟರಿಗಿ ಫೋನ್ ಹಚ್ಚು.”

ಡಾಕ್ಟರೂ ಅದನ್ನೇ ಹೇಳಿದರು. ಹಾಲು, ಬೇಳೆ ಆಮೇಲೆ. ಮೊದಲು ಬರೀ ನೀರು, ಬರೀ ಗುಳಿಗೆ. ಕೆಲವು ದಿನ ತಪ್ಪದೆ ತೆಗೆದುಕೊಳ್ಳಲಿ, ಆಮೇಲೆ ನೋಡೋಣ ಎಂದರು.

ಅವತ್ತೇ ಊರಿಗೆ ಹೊರಟೆ. ಮನೆಗೆ ಹೋದಾಗ ಸಂಜೆ. ಅಪ್ಪ ತಗಡಿನ ನೆರಳಲ್ಲಿ ಹೊರಗೇ ಕೂತಿದ್ದ. ಭೂಕಂಪದ ಮೇಲೆ ಸರ್ಕಾರ ಕಟ್ಟಿಕೊಟ್ಟ ಮನೆಯ ಸ್ಲಾಬಿನ ಕೆಳಗೆ ಅವನು ಯಾವತ್ತೂ ಹೆಚ್ಚು ಹೊತ್ತು ಕೂತವನಲ್ಲ. ನಾನು ಹಾಲಿನ ವಿಷಯ ಹೇಳಿದೆ. ಅವ್ವ ತಲೆಗೆ ಕೈ ಹಚ್ಚಿಕೊಂಡಳು.

“ಹಾಲ್ ಬಿಡ್ತೀನಿ,” ಎಂದ ಅಪ್ಪ. “ಪೂಜಿ ಬಿಡಂಗಿಲ್ಲ.”

“ಪೂಜಿ ಬಿಡು ಅಂತ ಯಾರಂದ್ರು? ಒಂದು ಗುಳಿಗಿ, ಒಂದು ಗುಟಕ ನೀರು!”

“ಅದೂ ಬಾಯಾಗೇ ಹೋಗ್ತದಲ್ಲಾ.”

“ಹಂಗಾದ್ರ ಉಪವಾಸ ಸಾಯಿ,” ಎಂದೆ. ಹಾಗೇ ಅಂದೆ.

ಅವ್ವ ಹಿಟ್ಟು ಸಾಣಿಸುತ್ತಿದ್ದವಳು ಕೈ ನಿಲ್ಲಿಸಿದಳು. ಅಪ್ಪನ ಎದುರು ಆಕೆ ದೊಡ್ಡ ದನಿ ತೆಗೆಯುವವಳಲ್ಲ. ಅವತ್ತೂ ತೆಗೆಯಲಿಲ್ಲ.

“ಅಲ್ರೀ, ಗುಳಿಗಿ ಲಿಂಗಕ್ಕ ಏರಿ ಬಂದ್ರ ಅದು ಪ್ರಸಾದ ಅಲ್ಲೇನು?”

“ಹೌದು. ಯಾವ ಲಿಂಗಕ್ಕ ಏರಸ್ಲಿ? ನಂದು ಬಿಚ್ಚಿ ಹಿಡದ್ರ ಬೀಳ್ತದ.”

“ನನ್ನ ಕೊಳ್ಳಾಗ ಇದ್ದದ್ದೇನು ಹಂಗಾದ್ರ?”

ಅಪ್ಪ ಆಕೆಯ ಮುಖ ನೋಡಿದ.

“ನಾ ಮುಂಜಾನಿ ಮೊದಲ ಪೂಜಿ ಮಾಡ್ತೀನಿ. ಗುಳಿಗಿ ಏರಸ್ತೀನಿ. ಆ ಲಿಂಗದ ತೀರ್ಥ ಕೊಡ್ತೀನಿ, ಗುಳಿಗಿ ನುಂಗ್ರಿ. ಆಮ್ಯಾಲ ಕೈ ನಿಂತಾಗ ನಿಮ್ದು ನೀವು ಮಾಡ್ಕೋರಿ.”

“ನನ್ನ ಪೂಜಿ ಆಗೂಕಿಂತ ಮೊದಲ ನೀ ಹ್ಯಾಂಗ ಮಾಡ್ತಿ?”

“ನಿಮ್ಮ ಪೂಜಿದು ದಾರಿ ಕಾಯ್ಕೋತ ನಾನೂ ಹಸಗೊಂಡೇ ಕೂತೀನಿ ಇಷ್ಟ ದಿನ. ಉಂಡೀಯೇನು ಅಂತ ಒಂದಿನಾರ ಕೇಳೀರೇನು?”

ಅಪ್ಪ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

“ಗಂಡನ ಲಿಂಗ ಬ್ಯಾರೆ, ಹೆಂಡತಿ ಲಿಂಗ ಬ್ಯಾರೆ ಅದ ಏನ್ರೀ? ಹಂಗಿದ್ರ ಹೇಳ್ರಿ, ನಂದು ಬಿಚ್ಚಿ ಇಡ್ತೀನಿ.”

“ಏ, ಬಿಡ್ತು ಅನ್ನು,” ಎಂದ ಅಪ್ಪ. ಅವ್ವ ಮತ್ತೆ ಹಿಟ್ಟು ಸಾಣಿಸಿದಳು.

ಮರುದಿನ ಬೆಳಿಗ್ಗೆ ಅವ್ವ ಎಲ್ಲರಿಗಿಂತ ಮೊದಲು ಜಳಕ ಮಾಡಿದಳು. ಅಪ್ಪ ಕೂಡುವ ಮಣೆಯ ಮೇಲೆ ಕೂಡಲಿಲ್ಲ, ಬದಿಗೆ ಚಾಪೆ ಹಾಕಿಕೊಂಡಳು. ಆಕೆಯ ಅಂಗೈ ರೊಟ್ಟಿ ತಟ್ಟಿ ತಟ್ಟಿ ಗಟ್ಟಿಯಾದದ್ದು. ಅದರ ಮೇಲೆ ಲಿಂಗ ಅಲುಗಾಡಲಿಲ್ಲ. ನೀರು ಹಾಕಿದಳು, ವಿಭೂತಿ, ಪತ್ರೆ. ಮೊದಲೇ ಕಾಗದ ಹರಿದು ತೆಗೆದಿಟ್ಟಿದ್ದ ಗುಳಿಗೆಯನ್ನು ಪತ್ರೆಯ ಬದಿಗೆ ಹಿಡಿದು ಕಣ್ಣು ಮುಚ್ಚಿದಳು. ಆಮೇಲೆ ಅಪ್ಪನ ಕಡೆ ಕೈ ಚಾಚಿದಳು. ಅಪ್ಪ ಬಲಗೈ ಒಡ್ಡಿದ. ಗುಳಿಗೆ ಕಣ್ಣಿಗೆ ಒತ್ತಿಕೊಂಡು ಬಾಯಿಗೆ ಹಾಕಿದ. ತೀರ್ಥದಲ್ಲಿ ನುಂಗಿದ.

ಆ ದಿನ ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ. ಮರುದಿನವೂ ಇಲ್ಲ. ಆದರೆ ಪ್ರಸಾದ ಬಿಡುವ ಹಾಗಿಲ್ಲ ಎಂದು ಅಪ್ಪ ಬಿಡಲಿಲ್ಲ. ಗುಳಿಗೆ ಎಂದರೆ ಬಿಡುತ್ತಿದ್ದ.

ಮುಂದಿನ ಸಲ ನಾನು ಬಂದಾಗ ಅಂಗಳದಲ್ಲಿ ದನಕ್ಕೆ ಕಣಿಕೆ ಹಾಕುತ್ತಿದ್ದೆ. ಅಪ್ಪ ಪ್ರಸಾದ ನುಂಗಿ, ಜಳಕ ಮಾಡಿ ಬಂದು ಮಣೆಯ ಮೇಲೆ ಕೂತಿದ್ದ. ಎಡಗೈಯನ್ನು ಮುಂದೆ ಚಾಚಿ ನೋಡಿದ. ಬೆರಳ ತುದಿಯಲ್ಲಿ ಸ್ವಲ್ಪ ನಡುಕ ಇತ್ತು. ಅಂಗೈ ನಿಂತಿತ್ತು. ಲಿಂಗ ಬಿಚ್ಚಿ ಇಟ್ಟುಕೊಂಡ. ನೀರು ಹಾಕಿದ. ನಿಂತಿತು. ಪತ್ರೆ ಏರಿಸಿದ. ಅವ್ವ ಒಳಗಿಂದ ಇಣುಕಿ ನೋಡಿ ತಲೆ ಒಳಗೆ ಎಳೆದುಕೊಂಡಳು. ಪೂಜೆ ಮುಗಿದಾಗ ಬಿಸಿಲು ಇನ್ನೂ ಗೋಡೆಯ ಮೇಲೇ ಇತ್ತು.

ಅಪ್ಪ ಲಿಂಗ ಕಟ್ಟಿಕೊಂಡು ಎದ್ದ. “ರೊಟ್ಟಿ ಆಗ್ಯಾವೇನು?” ಎಂದ.

ಆಗಿರಲಿಲ್ಲ. ಇಷ್ಟು ಬೇಗ ಯಾರು ಕೇಳಿದ್ದರು? ಅವ್ವ ಗಡಬಡಿಸಿ ಒಲೆ ಹಚ್ಚಿದಳು.

ರೋಗ ಹೋಗಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೈ ಮತ್ತೆ ನಡುಗುತ್ತದೆ. ಡಾಕ್ಟರ್ ಗುಳಿಗೆ ಹೆಚ್ಚಿಸಿದ್ದಾರೆ, ಮುಂದೆ ಇನ್ನೂ ಹೆಚ್ಚಿಸಬೇಕಾಗುತ್ತದೆ ಎಂದೂ ಹೇಳಿದ್ದಾರೆ. ನಾನು ಉದಗೀರದಲ್ಲಿ ಅಂಬಲಿ ಕುದಿಸುತ್ತೇನೆ, ಹಾಲಿನ ಪುಡಿ ಕದಡುತ್ತೇನೆ. ಫೋಟೋದಲ್ಲಿ ಕಪ್ಪು ಕಲೆ ಇನ್ನೂ ಮೇಲೆಯೇ ನಿಲ್ಲುತ್ತದೆ. ಕಟ್ಟೆಯ ಮೇಲಿನವರು ಈಗ ಭೂಕಂಪದ ಮಾತು ಬಿಟ್ಟಿದ್ದಾರೆ. ಮಗ ಉದಗೀರದಿಂದ ನೊಣದ ರೋಗ ತಂದು ಅಪ್ಪನಿಗೆ ಹಚ್ಚಿದ ಎನ್ನುತ್ತಾರೆ. ಅಪ್ಪ ನಗುತ್ತಾನೆ.

ಮನೆಯಲ್ಲಿ ಈಗ ಮೊದಲು ಅವ್ವನ ಪೂಜೆ, ಆಮೇಲೆ ಅಪ್ಪನದು. ಅವ್ವ ಚಾಪೆ ಬಿಟ್ಟು ಮಣೆಯ ಮೇಲೆ ಕೂಡುತ್ತಾಳೆ. ಕೂಡು ಎಂದು ಅಪ್ಪನೇ ಹೇಳಿದ್ದು.